ಒಂದೂವರೆ ಮಿಲಿಮೀಟರ್

"ಗುಜರಿಗೆ ಕೊಡಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮಗೆ?"

ಫಿಟ್ಟರ್ ವ್ಯಾನಿನ ಅಡಿಯಲ್ಲಿ ಮಲಗಿದ್ದ. ಅಲ್ಲಿಂದ ಅವನಿಗೆ ಕಾಣುತ್ತಿದ್ದುದು ಎರಡು ಪಾದಗಳು ಮಾತ್ರ. ಕಂದು ಚಪ್ಪಲಿ. ಎಡಗಾಲಿನ ಚಪ್ಪಲಿಯ ಕಿತ್ತ ಪಟ್ಟಿಯನ್ನು ತಾಮ್ರದ ತಂತಿಯಿಂದ ಹೊಲಿಯಲಾಗಿತ್ತು. ಹೊಲಿಗೆ ನೇರವಾಗಿತ್ತು.

"ಕೊಡಬೇಡಿ," ಎಂದಿತು ಪಾದಗಳ ಮೇಲಿನ ದನಿ. "ನಾನು ಬಂದಿರೋದೂ ಅದಕ್ಕೇ."

ಅವನು ಜಾರಿ ಹೊರಬಂದ. ಕೆನ್ನೆಯ ಮೇಲೆ ಎಣ್ಣೆಯ ಗೆರೆ. ಅವಳು ಕಂಕುಳಲ್ಲಿ ಅಗಲದ ರಿಜಿಸ್ಟರ್ ಹಿಡಿದು ನಿಂತಿದ್ದಳು. ಕಣ್ಣು ಮಾತ್ರ ತೆರೆದ ಬಾನೆಟ್ಟಿನೊಳಗಿತ್ತು.

"ಮ್ಯೂಸಿಯಮ್ಮಿನಿಂದ ಬಂದಿದೀನಿ. ದಾಖಲೆ ಬರೆಯೋಳು. ಗುಜರಿಯವರಿಗೆ ದಿನಾ ಹೀಗೇ ಬೈತೀರಾ?"

"ಇನ್ನೂ ಚೆನ್ನಾಗಿ ಬೈತೀನಿ ಮೇಡಂ. ನಿಮ್ಮ ಕಾಲು ನೋಡಿ ಸ್ವಲ್ಪ ಕಮ್ಮಿ ಮಾಡಿದೆ."

ಆಡಿದ ಮೇಲೆ ಮಾತಿನ ಇನ್ನೊಂದು ಅರ್ಥ ಹೊಳೆದು ಅವನ ಕಿವಿ ಬಿಸಿಯಾಯಿತು. ಅವಳು ತುಟಿ ಕಚ್ಚಿಕೊಂಡು ರಿಜಿಸ್ಟರಿನ ಮೊದಲ ಹಾಳೆ ತೆರೆದಳು.

ಸರಕು ಸಾಗಣೆ ಕಂಪನಿ ಮುಚ್ಚಿ ಎರಡು ವರ್ಷವಾಗಿತ್ತು. ಶೆಡ್ಡಿನಲ್ಲಿ ಉಳಿದದ್ದು ಹನ್ನೊಂದು ಹಳೆಯ ವಾಹನ, ಅವನ್ನು ನೋಡಿಕೊಳ್ಳಲು ಒಬ್ಬ ಫಿಟ್ಟರ್, ಗೇಟಿನ ಕೀಲಿ ಇಟ್ಟುಕೊಂಡ ಒಬ್ಬ ನಿವೃತ್ತ ಡ್ರೈವರ್. ಈ ಡ್ರೈವರ್ ಎಲ್ಲರಿಗೂ ಚಿಕ್ಕಪ್ಪ. ಮಾಲೀಕರು ಹನ್ನೊಂದನ್ನೂ ಮ್ಯೂಸಿಯಮ್ಮಿಗೆ ಬರೆದುಕೊಟ್ಟಿದ್ದರು. ಸಾಗಿಸುವ ಮೊದಲು ಪ್ರತಿ ಎಂಜಿನ್ನಿನಲ್ಲಿ ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು ಎಂಬುದನ್ನು ಬರೆದಿಡಬೇಕಿತ್ತು. ಅವಳು ಬಂದದ್ದು ಗುರುವಾರ. ಮುಂದಿನ ಬುಧವಾರ ಮಧ್ಯಾಹ್ನದ ಬಸ್ಸಿಗೆ ವಾಪಸ್ ಟಿಕೆಟ್ ಇತ್ತು.

ಪ್ರತಿ ಎಂಜಿನ್ನನ್ನೂ ಅವಳು ಆಯಿಲ್ ಫಿಲ್ಟರಿನಿಂದಲೇ ಶುರುಮಾಡುತ್ತಿದ್ದಳು.

"ಎಲ್ಲರೂ ನಂಬರ್ ನೋಡ್ತಾರೆ, ನೀವು ಡಬ್ಬ ನೋಡ್ತೀರಲ್ಲ?" ಎಂದು ಫಿಟ್ಟರ್ ಕೇಳಿದ.

"ನಂಬರನ್ನ ಉಜ್ಜಿ ಹೊಸದಾಗಿ ಹೊಡೀಬಹುದು. ಎಣ್ಣೆ ಹರಿಯೋ ದಾರಿನ ಸುಲಭವಾಗಿ ಬದಲಾಯಿಸೋಕಾಗಲ್ಲ. ಬದಲಾಯಿಸಿದ್ರೂ ಗುರುತು ಉಳಿಯುತ್ತೆ. ಇದು ಹೇಳಿ ನೋಡೋಣ, ಯಾವ ಜಾತಿ?"

ಅವನಿಗೆ ಗೊತ್ತಿತ್ತು. ಹದಿನೆಂಟು ವರ್ಷದ ಕೆಲಸ. ಆದರೂ, "ನೀವೇ ಹೇಳಿ," ಎಂದ. ಅವಳು ಹೇಳುವುದನ್ನು ಕೇಳಬೇಕಿತ್ತು.

ತೀರಾ ಹಳೆಯವಕ್ಕೆ ಫಿಲ್ಟರೇ ಇಲ್ಲ, ತಳದಲ್ಲಿ ಒಂದು ಜಾಲರಿ ಅಷ್ಟೇ ಎಂದು ಅವಳು ಬೆರಳು ಮಡಚಿದಳು. ಈಚಿನವಕ್ಕೆ ಪಂಪಿನಿಂದ ಬಂದ ಎಣ್ಣೆಯೆಲ್ಲ ಫಿಲ್ಟರ್ ದಾಟಿಯೇ ಬೇರಿಂಗಿಗೆ ಹೋಗಬೇಕು. ನಡುವಿನ ಕಾಲದವು ಬೈಪಾಸ್. ಎಂಜಿನ್ ಪಕ್ಕದಲ್ಲೊಂದು ಡಬ್ಬ, ಡಬ್ಬಕ್ಕೆ ಎರಡು ಸಣ್ಣ ಪೈಪು. ಎಣ್ಣೆಯ ಒಂದು ಪುಟ್ಟ ಪಾಲು ಮಾತ್ರ ಡಬ್ಬದೊಳಗೆ ಹೋಗಿ, ಸೋಸಿಕೊಂಡು, ತಳದ ಎಣ್ಣೆತೊಟ್ಟಿಗೆ, ಅಂದರೆ ಸಂಪಿಗೆ, ಇಳಿಯುತ್ತದೆ. ಮಿಕ್ಕದ್ದು ನೇರ ಬೇರಿಂಗಿಗೆ.

"ಆ ಪಾಲು ಪುಟ್ಟದಾಗಿಯೇ ಇರಬೇಕು. ದಾರಿ ಸಲೀಸಾದ್ರೆ ಎಣ್ಣೆಯೆಲ್ಲ ಅಲ್ಲೇ ಇಳಿದು ಹೋಗುತ್ತೆ, ಬೇರಿಂಗ್ ಒಣಗುತ್ತೆ. ಅದಕ್ಕೇ ದಾರಿಯಲ್ಲಿ ಎಲ್ಲಾದ್ರೂ ಒಂದು ಕಡೆ ಸಣ್ಣ ರಂಧ್ರ ಇಡ್ತಾರೆ. ಎಲ್ಲಿಟ್ಟಿದಾರೆ ಅಂತ ಕಂಡುಹಿಡಿಯೋದೇ ನನ್ನ ಕೆಲಸ."

ಅವಳು ತುರುಬಿನಿಂದ ಒಂದು ಉಕ್ಕಿನ ತಂತಿಯನ್ನು ಎಳೆದಳು. ಒಂದೂವರೆ ಮಿಲಿಮೀಟರ್ ದಪ್ಪದ್ದು. ಡಬ್ಬದ ಮುಚ್ಚಳ ತೆಗೆದು, ನಡುವಿನ ಕೊಳವೆಯಲ್ಲಿದ್ದ ರಂಧ್ರಕ್ಕೆ ತಂತಿ ತೂರಿಸಿದಳು. ಬಿಗಿಯಾಗಿ, ಆದರೆ ತಡೆಯದೆ ಹೋಯಿತು. ಒರೆಸಿ ಮತ್ತೆ ತುರುಬಿಗೆ ಸಿಕ್ಕಿಸಿಕೊಂಡಳು.

ಅವಳ ಕುತ್ತಿಗೆಯ ಹಿಂದೆ ಎಣ್ಣೆಯ ಒಂದು ಚುಕ್ಕೆ ಉಳಿಯಿತು. ಹೇಳಬೇಕೋ ಬೇಡವೋ ಎಂದು ಫಿಟ್ಟರ್ ಸಂಜೆಯವರೆಗೆ ಯೋಚಿಸಿ, ಹೇಳಲಿಲ್ಲ.

ಚಿಕ್ಕಪ್ಪ ಎರಡನೇ ದಿನಕ್ಕೇ ಅವಳಿಗೆ ಸೂಜಿ ಮೇಡಂ ಎಂದು ಹೆಸರಿಟ್ಟ. ಮೂರನೇ ದಿನ ಫಿಟ್ಟರ್ ಒಗೆದ ಅಂಗಿ ಹಾಕಿಕೊಂಡು ಬಂದದ್ದನ್ನು ನೋಡಿ ಗೇಟಿನಲ್ಲೇ ತಡೆದ.

"ಯಾರಪ್ಪಾ ನೀನು? ನಮ್ಮ ಫಿಟ್ಟರ್ ಕೊಳಕಾಗಿರ್ತಾನೆ."

"ಅಕ್ಕ ಬಲವಂತ ಮಾಡಿದ್ಲು ಚಿಕ್ಕಪ್ಪ."

"ನಿನ್ನಕ್ಕ ಹದಿನೆಂಟು ವರ್ಷದಿಂದ ಬಲವಂತ ಮಾಡ್ತಿದಾಳೆ. ಈಗ ಕಿವಿ ಕೇಳಿಸ್ತಾ?"

ಅವಳು ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. ಆದರೆ ಪೆನ್ನು ನಿಂತಿತ್ತು.

ನಾಲ್ಕನೇ ದಿನ ಏಳನೇ ವಾಹನದ ಸರದಿ. ಹಿಟ್ಟಿನ ಗಿರಣಿಯಿಂದ ಮೂಟೆ ಸಾಗಿಸುತ್ತಿದ್ದ ಲಾರಿ. ಆರು ಸಿಲಿಂಡರ್, ಬೈಪಾಸ್ ಡಬ್ಬ, ರಂಧ್ರ ಡಬ್ಬದ ಕೊಳವೆಯಲ್ಲಿ. ಎಲ್ಲವೂ ಮೂಲದ್ದೇ. ಬರೆದು ಮುಗಿಸಿದ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ. ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತಳು. ಫಿಟ್ಟರ್ ಚಹಾ ತಂದುಕೊಟ್ಟ.

"ಇದು ಅಪ್ಪನ ಲಾರಿ," ಎಂದಳು.

ಅವನು ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತ.

"ಇದು ನಮ್ಮೂರ ಗಿರಣಿಯಲ್ಲಿದ್ದಾಗ ಹತ್ತೊಂಬತ್ತು ವರ್ಷ ಓಡಿಸಿದ್ರು. ನಮ್ಮ ಬೀದಿಗೆ ಬರೋ ಮುಂಚೆ ಒಂದು ತಿರುವು. ಅಲ್ಲಿ ಕ್ಲಚ್ ಎರಡು ಸಲ ಒತ್ತಿ, ನಡುವೆ ಚೂರು ರೇಸ್ ಕೊಟ್ಟು, ಎರಡನೇ ಗೇರಿಗೆ ಇಳಿಸೋರು. ಎಂಜಿನ್ 'ಹೂಂ' ಅನ್ನೋದು. ಯಾರೋ ಕರೆದಾಗ ಓಗೊಡ್ತಾರಲ್ಲ, ಹಾಗೆ. ಅಮ್ಮ 'ಬಂದ್ರು' ಅಂತ ಎದ್ದು ಒಲೆ ಹಚ್ಚೋರು. ಒಂದು ದಿನಾನೂ ತಪ್ಪಿಲ್ಲ."

"ಈಗ ಅಮ್ಮ?"

"ಹಾಸಿಗೆ ಹಿಡಿದಿದಾರೆ. ಉಸಿರಾಟದ ತೊಂದರೆ. ಇಲ್ಲಿಗೆ ಹೊರಟಾಗ ಒಂದೇ ಮಾತು ಕೇಳಿದ್ರು. ಆ ಸದ್ದು ಒಂದು ಸಲ ಕೇಳಿಸೇ ಅಂತ." ಅವಳು ಲೋಟದ ಅಂಚನ್ನು ಬೆರಳಿನಿಂದ ಸುತ್ತಿದಳು. "ಸ್ಟಾರ್ಟ್ ಆಗುತ್ತಾ?"

"ಆಗುತ್ತೆ. ಬುಧವಾರ ಬೆಳಿಗ್ಗೆ ನಾನೇ ಮಾಡಿಕೊಡ್ತೀನಿ. ನೀವು ಫೋನ್ ಹಿಡೀರಿ, ಸಾಕು."

ಅವಳು ಅವನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಕಣ್ಣಿನಲ್ಲಿ ನೀರಿತ್ತು, ತುಟಿಯಲ್ಲಿ ಮೊದಲ ದಿನ ತಡೆದಿಟ್ಟ ನಗು ಇತ್ತು. ಫಿಟ್ಟರಿಗೆ ಅಂದು ಊಟ ಸೇರಲಿಲ್ಲ. ಡಬ್ಬಿ ಹಾಗೇ ವಾಪಸು ಬಂದದ್ದನ್ನು ನೋಡಿ ಅಕ್ಕ ಏನೂ ಕೇಳದೆ ನಕ್ಕಳು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಒಂದೇ ವಾಹನ ಉಳಿದಿತ್ತು. ಗೋಡೆಗೆ ತಗುಲಿ ನಿಂತಿದ್ದ ಒಂಬತ್ತನೇ ನಂಬರಿನ ವ್ಯಾನ್. ಏಳು ಮತ್ತು ಒಂಬತ್ತರ ಫಿಲ್ಟರ್ ಡಬ್ಬಗಳು ಒಂದೇ ಅಳತೆಯವು. ಎರಡಕ್ಕೂ ಹಸಿರು ಬಣ್ಣ ಬಳಿದವನು ಫಿಟ್ಟರೇ. ವ್ಯತ್ಯಾಸ ಒಳಗಿತ್ತು. ಏಳರ ರಂಧ್ರ ಡಬ್ಬದ ಕೊಳವೆಯಲ್ಲಿ. ಒಂಬತ್ತರದು ಎಂಜಿನ್ನಿಗೆ ಪೈಪು ಸೇರುವ ಬಾಗಿದ ತುಂಡಿನಲ್ಲಿ, ಅಂದರೆ ಮೊಣಕೈಯಲ್ಲಿ, ಹಾಗಾಗಿ ಅದರ ಡಬ್ಬದ ಕೊಳವೆ ಬಾಯಿ ತೆರೆದದ್ದು.

"ಇದೊಂದು ಮುಗಿದ್ರೆ ಆಯ್ತು," ಎಂದು ಅವಳು ಊಟಕ್ಕೆ ಹೋದಳು. "ನಾಳೆ ಈ ಹೊತ್ತಿಗೆ ಬಸ್ಸಿನಲ್ಲಿರ್ತೀನಿ."

ಫಿಟ್ಟರ್ ಎರಡು ಡಬ್ಬಗಳನ್ನೂ ಬಿಚ್ಚಿ ಅದಲು ಬದಲು ಮಾಡಿದ. ಇಪ್ಪತ್ತೈದು ನಿಮಿಷದ ಕೆಲಸ. ಅವಸರದಲ್ಲಿ ಒಂಬತ್ತರ ಮುಚ್ಚಳದ ಕಾರ್ಕ್ ವಾಷರ್ ತುಂಡಾಯಿತು.

ಅವನ ಲೆಕ್ಕ ಹೀಗಿತ್ತು. ಒಂಬತ್ತರಲ್ಲಿ ಈಗ ಎರಡು ರಂಧ್ರ ಸಿಗುತ್ತವೆ, ಮೊಣಕೈಯಲ್ಲೊಂದು, ಡಬ್ಬದಲ್ಲೊಂದು. ಯಾವ ಪುಸ್ತಕದಲ್ಲೂ ಇಲ್ಲದ ಜೋಡಣೆ. ಅವಳು ಮ್ಯೂಸಿಯಮ್ಮಿಗೆ ಬರೆದು ಹಳೆಯ ಪಾರ್ಟ್ಸ್ ಪುಸ್ತಕದ ಪುಟ ತರಿಸಬೇಕಾಗುತ್ತದೆ. ಎರಡು ದಿನ. ಏಳರಲ್ಲಿ ಈಗ ಎಣ್ಣೆಯನ್ನು ತಡೆದು ಬಿಡುವ ಸಣ್ಣ ರಂಧ್ರ ಎಲ್ಲೂ ಇಲ್ಲ, ನಿಜ. ಆದರೆ ಅದನ್ನು ಸ್ಟಾರ್ಟ್ ಮಾಡುವವನು ತಾನೇ. ಅಷ್ಟರೊಳಗೆ ಡಬ್ಬ ಸ್ವಸ್ಥಾನಕ್ಕೆ ಬಂದಿರುತ್ತದೆ.

ಸಂಜೆ ಅವಳು ತಂತಿ ಹಿಡಿದು ಒಂಬತ್ತರ ಮುಂದೆ ಬಹಳ ಹೊತ್ತು ನಿಂತಳು.

"ಎರಡೆರಡು ಕಡೆ ಯಾಕೆ ಇಟ್ರು? ಅರ್ಥಾನೇ ಆಗ್ತಿಲ್ಲ."

"ಯಾರೋ ಅತಿ ಜಾಣ ಮಾಡಿರ್ಬೇಕು," ಎಂದ ಫಿಟ್ಟರ್.

"ಜಾಣನೋ, ಕಳ್ಳನೋ," ಎಂದ ಚಿಕ್ಕಪ್ಪ ಬೀಡಿ ಹಚ್ಚುತ್ತಾ. ಫಿಟ್ಟರ್ ಬೆಚ್ಚಿ ಕೈಯನ್ನು ಅಂಗಿಗೆ ಒರೆಸಿಕೊಂಡ. ಚಿಕ್ಕಪ್ಪ ಅದನ್ನು ಕಂಡ. "ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೋ ಹೆಗಲು ಮುಟ್ಕೋತೀಯ?"

ಎಲ್ಲರೂ ನಕ್ಕರು. ಅವಳು ಟಿಕೆಟ್ಟನ್ನು ಶುಕ್ರವಾರಕ್ಕೆ ಬದಲಾಯಿಸಿದಳು. "ಲಾರಿನೂ ಶುಕ್ರವಾರವೇ ಸ್ಟಾರ್ಟ್ ಮಾಡೋಣ ಬಿಡಿ. ಎಲ್ಲಾ ಮುಗಿದ ಮೇಲೆ ನೆಮ್ಮದಿಯಾಗಿ. ಅಮ್ಮಂಗೆ ಎರಡು ದಿನ ತಾಳೋಕೆ ಹೇಳ್ತೀನಿ."

ಆ ಒಂದು ಮಾತು ಅವನ ಲೆಕ್ಕದಲ್ಲಿರಲಿಲ್ಲ. ಆಗಲೇ ಹೇಳಬಹುದಿತ್ತು. ಅವನು ಹೇಳಲಿಲ್ಲ.

ಬುಧವಾರ ಕೆಲಸವಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಎಂಜಿನ್ನಿನ ಚಿತ್ರ ಬರೆದಳು. ಅವನು ಪಕ್ಕದಲ್ಲಿ ಸ್ಪಾನರ್‌ಗಳನ್ನು ಒರೆಸಿದ. ಅವು ಸ್ವಚ್ಛವಾಗಿಯೇ ಇದ್ದವು.

"ಪೈಪಿನ ಬಾಗು ಸರಿಯಾಗಿದೆಯಾ ನೋಡಿ."

ಅವನು ಬಗ್ಗಿದ. ಅವಳ ಕೂದಲಿಗೆ ಸೋಪಿನ ವಾಸನೆ, ಸೋಪಿನ ಅಡಿಯಲ್ಲಿ ಎಣ್ಣೆಯ ವಾಸನೆ.

"ಸ್ವಲ್ಪ ಎಡಕ್ಕೆ," ಎಂದ.

"ಪೈಪಾ, ನಾನಾ?"

"ಪೈಪು."

"ಸದ್ಯ," ಎಂದಳು. ಆದರೆ ಎಡಕ್ಕೆ ಸರಿದಳು. ಭುಜಕ್ಕೆ ಭುಜ ತಾಗಿತು. ಇಬ್ಬರೂ ಚಿತ್ರವನ್ನೇ ನೋಡಿದರು. ಚಿತ್ರದಲ್ಲಿ ಡಬ್ಬವಿತ್ತು, ಎರಡು ಪೈಪುಗಳಿದ್ದವು.

ಹಾಗೆ ಎಷ್ಟು ಹೊತ್ತು ಕೂತಿದ್ದರೋ ಲೆಕ್ಕವಿಲ್ಲ. ಚಿಕ್ಕಪ್ಪ ಒಮ್ಮೆ ಶೆಡ್ಡಿನೊಳಗೆ ಇಣುಕಿ, ಕೆಮ್ಮದೆ, ಹಿಂದಕ್ಕೆ ಹೋದ. ಅವನ ಕೆಮ್ಮು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಫಿಟ್ಟರ್ ಕಾರ್ಕ್ ಹಾಳೆ ತರಲು ಪೇಟೆಗೆ ಹೋದ. ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಎರಡು ಡಬ್ಬಗಳನ್ನೂ ಮೊದಲಿನ ಹಾಗೆ ಕೂರಿಸುವುದು ಅವನ ಯೋಚನೆ. ಮೊದಲ ಅಂಗಡಿಯಲ್ಲಿ ಬೇಕಾದ ದಪ್ಪದ ಹಾಳೆ ಸಿಗಲಿಲ್ಲ. ಎರಡನೆಯದರಲ್ಲಿ ಸಿಕ್ಕಿತು. ಬಸ್ಸಿಳಿದಾಗ ಹನ್ನೊಂದೂವರೆ.

ಶೆಡ್ಡಿನ ಗೋಡೆ ಕಾಣುವ ಮೊದಲೇ ಸದ್ದು ಕೇಳಿಸಿತು.

ಆರು ಸಿಲಿಂಡರ್. ಬಿಸಿಯಾದ ಎಂಜಿನ್. ಅದರೊಳಗೆ ಲೋಹ ಲೋಹಕ್ಕೆ ಬಡಿಯುವ ಸದ್ದು, ಒಂದೇ ಸಮನೆ, ಟಕ್ ಟಕ್ ಟಕ್ ಎಂದು.

ಅವನು ಓಡಿದ.

ಹಿಟ್ಟಿನ ಲಾರಿ ಅಂಗಳದ ಇಳಿಜಾರಿನ ತುದಿಯಲ್ಲಿ ನಡುಗುತ್ತಾ ನಿಂತಿತ್ತು. ಸ್ಟೀರಿಂಗಿನಲ್ಲಿ ಚಿಕ್ಕಪ್ಪ. ಅವಳು ತೆರೆದ ಬಾನೆಟ್ಟಿನ ಬಳಿ ಫೋನನ್ನು ಚಾಚಿ ಹಿಡಿದಿದ್ದಳು. ಸ್ಪೀಕರ್ ಹಾಕಿತ್ತು.

"ಕೇಳಿಸ್ತಿದೆಯಾ ಅಮ್ಮಾ? ಅಪ್ಪನ ಲಾರಿ."

ಫೋನಿನೊಳಗಿಂದ ಎಳೆದೆಳೆದು ಬಿಡುವ ಉಸಿರು ಬಂತು. ಆಮೇಲೆ ಮಾತು, ನಿಧಾನವಾಗಿ.

"ಇದು ಅವರದಲ್ಲ ಕಣೇ. ಯಾರೋ ಬಾಗಿಲು ಬಡೀತಿದಾರೆ. ಹೋಗಿ ನೋಡು."

ಫಿಟ್ಟರ್ ಕೈ ಬೀಸಿದ. ಚಿಕ್ಕಪ್ಪ ಎಂಜಿನ್ ಆರಿಸಿದ. ಫೋನಿನಲ್ಲಿ ಇನ್ನೊಬ್ಬ ಹೆಂಗಸು, ಆರೈಕೆಯವಳು, "ಗಾಡಿ ಬಂತು, ಆಸ್ಪತ್ರೆಗೆ ಕರ್ಕೊಂಡು ಹೊರಡ್ತೀವಿ," ಎಂದು ಹೇಳಿ ಇಟ್ಟಳು.

ನಡೆದದ್ದನ್ನು ಚಿಕ್ಕಪ್ಪ ಹೇಳಿದ. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂದಿತ್ತು, ಅಮ್ಮನ ಉಸಿರು ಕೆಟ್ಟಿದೆ ಎಂದು. ಆಸ್ಪತ್ರೆಗೆ ಹೋಗುವ ಮೊದಲು ಸದ್ದು ಕೇಳಬೇಕೆಂದು ಅಮ್ಮ ಹಟ ಹಿಡಿದರು. ಚಿಕ್ಕಪ್ಪ ತನ್ನ ಜೀಪಿನ ಬ್ಯಾಟರಿ ತಂದು ಹಾಕಿದ. ಅಪ್ಪ ಮನೆಗೆ ಬರುತ್ತಿದ್ದುದು ದಿನವೆಲ್ಲ ಓಡಿದ ಬಿಸಿ ಎಂಜಿನ್ನಿನಲ್ಲಿ, ತಣ್ಣಗಿದ್ದರೆ ಆ ಸದ್ದು ಬರುವುದಿಲ್ಲ ಎಂದು ಮುಕ್ಕಾಲು ಗಂಟೆ ಓಡಿಸಿ ಕಾಯಿಸಿದರು. ಆಯಿಲ್ ಮೀಟರಿನ ಮುಳ್ಳು ವರ್ಷಗಳ ಹಿಂದೆಯೇ ಕೆಟ್ಟು ನಿಂತಿತ್ತು.

"ವಯಸ್ಸಾಗಿತ್ತು ಬಿಡಪ್ಪಾ," ಎಂದ ಚಿಕ್ಕಪ್ಪ. "ಮುದಿ ಎತ್ತನ್ನ ಗಾಡಿಗೆ ಕಟ್ಟಿದ ಹಾಗಾಯ್ತು."

"ವಯಸ್ಸಲ್ಲ. ನನ್ನದೇ ತಪ್ಪು," ಎಂದಳು ಅವಳು. ದನಿ ಸಮವಾಗಿತ್ತು. "ನೀವು ಬರೋವರೆಗೆ ಕಾಯಬೇಕಿತ್ತು. ಡಬ್ಬದ ರಂಧ್ರ ನಾನೇ ಅಳೆದಿದ್ದೆ, ರಿಜಿಸ್ಟರಿನಲ್ಲಿ ಬರೆದಿದ್ದೆ. ಅಷ್ಟೇ ನಂಬಿ ಕೂತೆ."

ಫಿಟ್ಟರ್ ಕಾರ್ಕ್ ಹಾಳೆ ಹಿಡಿದು ನಿಂತಿದ್ದ. ಅವಳು ಮತ್ತೆ ಡಬ್ಬ ತೆರೆಯುವ ಪ್ರಶ್ನೆಯಿರಲಿಲ್ಲ. ಅರ್ಧ ಗಂಟೆ ಸಿಕ್ಕಿದರೆ ಎರಡೂ ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದವು. ಹಳೆಯ ಎಂಜಿನ್, ಹಳೆಯ ಬೇರಿಂಗ್. ಯಾರೂ ಕೇಳುತ್ತಿರಲಿಲ್ಲ. ಅವಳು ಮಾತ್ರ ಉಳಿದ ಆಯಸ್ಸೆಲ್ಲ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಅವನು ಸ್ಪಾನರ್ ತಂದ. ಡಬ್ಬದ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ.

"ತಂತಿ ಹಾಕಿ ನೋಡಿ."

ತಂತಿ ಬೇಕಾಗಲಿಲ್ಲ. ಕೊಳವೆಯ ಬಾಯಿಗೆ ಕಿರುಬೆರಳು ಹೋಗುವಷ್ಟು ಜಾಗವಿತ್ತು. ಅವಳು ಅದನ್ನು ನೋಡಿದಳು. ಗೋಡೆಯ ಬಳಿಯ ಒಂಬತ್ತನೇ ವ್ಯಾನನ್ನು ನೋಡಿದಳು. ಮತ್ತೆ ಇದನ್ನು.

"ಯಾವಾಗ?"

"ಮಂಗಳವಾರ. ನೀವು ಊಟಕ್ಕೆ ಹೋದಾಗ."

"ಯಾಕೆ?"

"ಬುಧವಾರ ಹೋಗ್ತೀನಿ ಅಂದ್ರಿ."

ಚಿಕ್ಕಪ್ಪ ಮೆಲ್ಲನೆ ಲಾರಿಯಿಂದಿಳಿದು ಗೇಟಿನ ಕಡೆ ನಡೆದ.

"ಬುಧವಾರ ಬೆಳಿಗ್ಗೆ ಅಮ್ಮ ಚೆನ್ನಾಗಿದ್ರು," ಎಂದಳು ಅವಳು. "ನನ್ನ ಜೊತೆ ಫೋನಿನಲ್ಲಿ ಜಗಳ ಆಡಿದ್ರು. ಊಟ ಸರಿಯಾಗಿ ಮಾಡ್ತಿಲ್ಲ ಅಂತ."

ಅವಳು ರಿಜಿಸ್ಟರಿನ ಏಳನೇ ಹಾಳೆ ತೆಗೆದು ಪೆನ್ನಿನ ಜೊತೆ ಅವನತ್ತ ಚಾಚಿದಳು.

"ಬರೀರಿ."

ಹಾಳೆಯ ಕೊನೆಯಲ್ಲಿ ಮೂರು ಸಾಲುಗಳಿದ್ದವು. ಮಾಡಿದ ಬದಲಾವಣೆ. ಮಾಡಿದವರು. ಕಾರಣ. ಅವನು ಮೊದಲ ಎರಡನ್ನು ತುಂಬಿದ. ಮೂರನೆಯದರ ಮುಂದೆ ಪೆನ್ನು ಊರಿ, ಬರೆಯಲಾರದೆ, ಎತ್ತಿದ. ಅಲ್ಲಿ ಒಂದು ಚುಕ್ಕೆ ಉಳಿಯಿತು. ಅವಳು ರಿಜಿಸ್ಟರ್ ಮಡಚಿದಳು. ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಲಾರಿಯನ್ನು ತನ್ನ ಕೈಯಾರೆ ಸರಿಮಾಡಿ ಕಳಿಸುತ್ತೇನೆಂದು ಫಿಟ್ಟರ್ ಮ್ಯೂಸಿಯಮ್ಮಿಗೆ ಬರೆದ. ಹದಿನೈದು ದಿನದ ಮೇಲೆ ಉತ್ತರ ಬಂತು. ಒಪ್ಪಿಗೆಯ ಎರಡು ಸಾಲಿನ ಕೆಳಗೆ, ದಾಖಲೆ ವಿಭಾಗದವರು ತಾಯಿಯ ನಿಧನದ ಕಾರಣ ರಜೆಯಲ್ಲಿರುವುದರಿಂದ ಉತ್ತರ ತಡವಾಗಿದೆ ಎಂದಿತ್ತು.

ಅವನು ಆ ಕಾಗದವನ್ನು ನಿಂತೇ ಓದಿದ. ಆಮೇಲೆ ಲಾರಿಯ ಅಡಿಗೆ ಹೋಗಿ ಮಲಗಿದ. ಚಿಕ್ಕಪ್ಪ ಎರಡು ಸಲ ಕರೆದರೂ ಹೊರಗೆ ಬರಲಿಲ್ಲ.

ಕೆಲಸ ನಾಲ್ಕು ತಿಂಗಳು ಹಿಡಿಯಿತು. ಆ ಎಂಜಿನ್ನಿನ ಬೇರಿಂಗು ಅಂಗಡಿಯಲ್ಲಿ ಸಿಗುವುದಿಲ್ಲ. ಬಿಳಿ ಲೋಹ ಕರಗಿಸಿ ಎರಕ ಹೊಯ್ದು, ಕೈಯಿಂದ ಕೆರೆದು ಕೂರಿಸಬೇಕು. ಮೊದಲ ಎರಕದಲ್ಲಿ ಗುಳ್ಳೆ ಬಂತು, ಒಡೆದು ಹಾಕಿದ. ಎರಡನೆಯದು ಅವನ ಕಣ್ಣಿಗೆ ಸರಿ ಕಾಣಲಿಲ್ಲ. ಮೂರನೆಯದನ್ನು ಇಟ್ಟುಕೊಂಡ. ಆಯಿಲ್ ಮೀಟರನ್ನೂ ಬಿಚ್ಚಿ ಮುಳ್ಳು ಏಳುವ ಹಾಗೆ ಮಾಡಿದ.

ತಪಾಸಣೆಗೆ ಅವಳೇ ಬಂದಳು. ಅದೇ ಚಪ್ಪಲಿ, ಅದೇ ಹೊಲಿಗೆ. ಸ್ವಲ್ಪ ಸೊರಗಿದ್ದಳು.

"ಶುರು ಮಾಡೋಣವಾ?" ಎಂದಳು, ಹೊಸಬರನ್ನು ಕೇಳುವ ಹಾಗೆ. "ಪೈಪು ಎಷ್ಟು?"

"ಎರಡು."

"ವಾಪಸ್ ಎಲ್ಲಿಗೆ?"

"ಸಂಪಿಗೆ."

"ರಂಧ್ರ?"

"ಡಬ್ಬದ ಕೊಳವೆಯಲ್ಲಿ."

"ನೀವು ಹೇಳಿದ್ರೆ ಸಾಲದು."

"ಗೊತ್ತು," ಎಂದ. ಮುಚ್ಚಳ ಅಷ್ಟರಲ್ಲೇ ತೆಗೆದಿತ್ತು.

ಅವಳು ತುರುಬಿನಿಂದ ತಂತಿ ಎಳೆದು ತೂರಿಸಿದಳು. ಬಿಗಿಯಾಗಿ ಹೋಯಿತು. ಒಂಬತ್ತನೇ ವ್ಯಾನನ್ನೂ ನೋಡಿ ಬಂದಳು. ಚಿಕ್ಕಪ್ಪ ಎಂಜಿನ್ ಚಾಲೂ ಮಾಡಿ ಅರ್ಧ ಗಂಟೆ ಬಿಟ್ಟ. ಮುಳ್ಳು ಎದ್ದು ನಿಂತಲ್ಲೇ ನಿಂತಿತು. ಬಡಿತವಿರಲಿಲ್ಲ.

ಅವಳು ಬಾನೆಟ್ಟಿನ ಬಳಿ ಕಣ್ಣು ಮುಚ್ಚಿ ನಿಂತಳು. ಕೈ ತಾನಾಗಿ ಫೋನಿನ ಚೀಲಕ್ಕೆ ಹೋಗಿ, ಅಲ್ಲೇ ತಡೆದು, ವಾಪಸಾಯಿತು. ಫಿಟ್ಟರ್ ಅದನ್ನು ಕಂಡ. ಕಾಣದಿದ್ದರೆ ಚೆನ್ನಾಗಿತ್ತು.

"ಇದೇ," ಎಂದಳು. "ಇದೇ ಸದ್ದು."

"ನಾನು..." ಅವನು ಸ್ಪಾನರನ್ನು ಕೆಳಗಿಟ್ಟ. "ಏನು ಹೇಳಿದ್ರೂ ಸಾಲದು."

"ಸಾಲದು." ಅವಳು ಅದೇ ಏಳನೇ ಹಾಳೆಗೆ ಸಹಿ ಹಾಕಿ, ಕಾರ್ಬನ್ ಪ್ರತಿ ಹರಿದು ಅವನ ಕೈಗಿಟ್ಟಳು. ಬೆರಳು ಬಿಡುವ ಮೊದಲು ಒಂದು ಕ್ಷಣ ತಡೆದಳು. "ಒಂದು ಹೇಳ್ತೀನಿ. ಎರಡು ದಿನ ಇರಿ ಅಂತ ಬಾಯಿಬಿಟ್ಟು ಕೇಳಿದ್ರೆ ಇರ್ತಿದ್ದೆ. ಸೋಮವಾರವೇ ರಜೆ ಬರೆದು ಚೀಲದಲ್ಲಿ ಇಟ್ಕೊಂಡಿದ್ದೆ. ನೀವು ಕೇಳ್ತೀರಿ ಅಂತ ಕಾಯ್ತಿದ್ದೆ."

ಅವನು ತಲೆಯೆತ್ತಿದಾಗ ಅವಳು ಕ್ಯಾಬಿನ್ನಿನ ಮೆಟ್ಟಿಲು ಹತ್ತಿಯಾಗಿತ್ತು. ಚಿಕ್ಕಪ್ಪನ ಪಕ್ಕದಲ್ಲಿ, ಚಿಕ್ಕವಳಿದ್ದಾಗ ಕೂರುತ್ತಿದ್ದ ಜಾಗದಲ್ಲಿ ಕೂತಳು. ಲಾರಿ ತನ್ನ ಕಾಲಮೇಲೆ ತಾನೇ ಮ್ಯೂಸಿಯಮ್ಮಿಗೆ ಹೋಗುತ್ತದೆಂದು ನಿಶ್ಚಯವಾಗಿತ್ತು. ಗೇಟು ದಾಟುವಾಗ ಅವಳು ಕಿಟಕಿಯಿಂದ ಒಮ್ಮೆ ನೋಡಿದಳು. ಕೈ ಬೀಸಲಿಲ್ಲ. ನೋಡುವಷ್ಟು ಹೊತ್ತು ನೋಡಿದಳು.

ಅವನು ಕೈಯಲ್ಲಿದ್ದ ಹಾಳೆ ಬಿಡಿಸಿದ. ಮಾಡಿದವರು ಎಂಬಲ್ಲಿ ಅವನ ಅಕ್ಷರ. ಕಾರಣ ಎಂಬಲ್ಲಿ, ಆ ಚುಕ್ಕೆಯಿಂದಲೇ ಶುರುಮಾಡಿ, ಅವಳ ಅಕ್ಷರ: "ದಾಖಲೆ ಬರೆದವಳಿಗೆ ತಿಳಿದಿದೆ."

ರಸ್ತೆ ನೀರಿನ ಟ್ಯಾಂಕಿನವರೆಗೆ ನೇರ, ಆಮೇಲೆ ತಿರುವು. ಒಂದನೇ ಗೇರು. ಎರಡು. ಮೂರು. ಫಿಟ್ಟರ್ ಗೇಟಿನಲ್ಲಿ ನಿಂತು ಕೇಳಿದ. ಟ್ಯಾಂಕಿನ ಹತ್ತಿರ ಸದ್ದು ತಗ್ಗಿತು, ಕ್ಲಚ್ ಒತ್ತಿದ್ದು, ಬಿಟ್ಟದ್ದು, ಮತ್ತೆ ಒತ್ತಿದ್ದು ಗೊತ್ತಾಯಿತು.

ಆಮೇಲೆ ಎಂಜಿನ್ "ಹೂಂ" ಎಂದಿತು. ಒಂದೇ ಸಲ, ನಿಚ್ಚಳವಾಗಿ. ಅವಳು ಹೇಳಿದ್ದು ಸರಿ, ಯಾರೋ ಕರೆದಾಗ ಓಗೊಟ್ಟ ಹಾಗೆಯೇ ಇತ್ತು.

ಅವನು ಈ ಸಲವೂ ಕರೆದಿರಲಿಲ್ಲ.